ಹಳೆಯ ಲೋಡರ್‌ನ ಗೇರ್‌ಬಾಕ್ಸ್: ಬಿಚ್ಚುವ ಮುನ್ನ, ಕಟ್ಟುವಾಗ

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಲೋಡರ್ ಚೆನ್ನಾಗಿಯೇ ಓಡುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ ಜಲ್ಲಿ ರಾಶಿಗೆ ಬಕೆಟ್ ನುಗ್ಗಿಸಿದರೆ ಎಂಜಿನ್ ಕಿರುಚುತ್ತದೆ, ಚಕ್ರ ಮಾತ್ರ ತಿರುಗುವುದಿಲ್ಲ. ಅರ್ಧ ಗಂಟೆ ಆರಲು ಬಿಟ್ಟರೆ ಮತ್ತೆ ಎಳೆಯುತ್ತದೆ. ಆಪರೇಟರ್ ‘ಗೇರ್‌ಬಾಕ್ಸ್ ಹೋಯಿತು’ ಎನ್ನುತ್ತಾನೆ, ಮಾಲೀಕರು ಗುಜರಿಯವನಿಗೆ ಫೋನ್ ಮಾಡುತ್ತಾರೆ. ಎರಡೂ ಅವಸರದ ಮಾತು.

ಜಲ್ಲಿ ಕ್ರಷರ್‌ಗಳಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸದಲ್ಲಿ ನಾನು ಹಲವು ಹಳೆಯ ಲೋಡರ್‌ಗಳನ್ನು ಬಿಚ್ಚಿ ಕಟ್ಟಿದ್ದೇನೆ. ತಿರುವಳ್ಳೂರಿನಲ್ಲಿ ತಯಾರಾದ ‘ಹಿಂದೂಸ್ತಾನ್ 2021’ ಮಾದರಿಯಂಥ ಯಂತ್ರಗಳು ಇಂದಿಗೂ ಜಲ್ಲಿ, ಎಂ-ಸ್ಯಾಂಡ್ ತುಂಬುತ್ತಿರುವುದನ್ನು ಕಂಡರೆ ನನಗೆ ಖುಷಿಯಾಗುತ್ತದೆ. ಅವುಗಳ ಡ್ರೈವ್‌ಲೈನ್ (ಎಂಜಿನ್ನಿನಿಂದ ಚಕ್ರದವರೆಗೆ ಶಕ್ತಿ ಸಾಗಿಸುವ ಭಾಗಗಳು) ರಿಪೇರಿ ದೊಡ್ಡ ಕೆಲಸ ನಿಜ, ಆದರೆ ಕ್ರಮ ತಪ್ಪದೆ ಮಾಡಿದರೆ ಕೈಗೆಟುಕದ ಕೆಲಸವಲ್ಲ.

ಮೊದಲು, ಈ ಯಂತ್ರಕ್ಕೆ ಅಷ್ಟು ಹಣ ಹಾಕಬಹುದೇ ಎಂದು ನೋಡಿಕೊಳ್ಳಿ. ಮುಂದಿನ, ಹಿಂದಿನ ಚಾಸಿಗಳನ್ನು ಸೇರಿಸುವ ನಡುವಿನ ಪಿನ್‌ಗಳಲ್ಲಿ ಎಷ್ಟು ಆಟವಿದೆ, ಚಾಸಿಯಲ್ಲಿ ಬಿರುಕಿದೆಯೇ, ಎಂಜಿನ್‌ನ ಬ್ರೀದರ್ (ಒಳಗಿನ ಆವಿ ಹೊರಬಿಡುವ ಕೊಳವೆ) ಹೊಗೆ ಉಗುಳುತ್ತಿದೆಯೇ? ಮೂರೂ ಸರಿಯಿದ್ದರೆ ಯೋಚಿಸದೆ ಮುಂದುವರಿಯಿರಿ. ಮೂರರಲ್ಲಿ ಎರಡು ಕೆಟ್ಟಿದ್ದರೆ ಗುಜರಿಯವನ ಲೆಕ್ಕವೇ ಸರಿ.

ಬಿಚ್ಚುವ ಮೊದಲು ಅಳೆಯಿರಿ

ಲೋಡರ್‌ನಲ್ಲಿ ಎಂಜಿನ್ನಿನ ಶಕ್ತಿ ಎಣ್ಣೆಯ ಹರಿವಿನಿಂದ ಅದನ್ನು ದಾಟಿಸುವ ಟಾರ್ಕ್ ಕನ್ವರ್ಟರ್‌ಗೆ ಹೋಗಿ, ಅಲ್ಲಿಂದ ಟ್ರಾನ್ಸ್‌ಮಿಷನ್ (ಗೇರ್‌ಬಾಕ್ಸ್), ಪ್ರೊಪೆಲರ್ ಶಾಫ್ಟ್, ಆಕ್ಸಲ್, ಕೊನೆಗೆ ಹಬ್‌ನೊಳಗಿನ ಗೇರುಗಳಿಗೆ ತಲುಪುತ್ತದೆ. ಟ್ರಾನ್ಸ್‌ಮಿಷನ್ನಿನ ಒಳಗೆ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಎಣ್ಣೆಯ ಒತ್ತಡ. ಸೀಲ್ ರಿಂಗ್ ಸವೆದಿದ್ದರೆ ತಣ್ಣಗಿನ ಗಟ್ಟಿ ಎಣ್ಣೆ ಹೇಗೋ ನಿಲ್ಲುತ್ತದೆ. ಬಿಸಿಯಾಗಿ ತೆಳುವಾದ ಕೂಡಲೇ ಸೋರಿ ಒತ್ತಡ ಇಳಿಯುತ್ತದೆ, ಪ್ಲೇಟು ಜಾರುತ್ತದೆ. ಜಾರಿದರೆ ಇನ್ನಷ್ಟು ಬಿಸಿ. ಹನ್ನೊಂದು ಗಂಟೆಯ ಕಾಯಿಲೆಯ ಮೂಲ ಬಹುಮಟ್ಟಿಗೆ ಇದೇ.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಗೇಜ್ ಹಿಡಿಯಿರಿ. ಎಣ್ಣೆಯ ಮಟ್ಟವನ್ನು ಯಂತ್ರದ ಕೈಪಿಡಿ ಹೇಳಿದ ಸ್ಥಿತಿಯಲ್ಲೇ ನೋಡಬೇಕು. ಹೆಚ್ಚಿನ ಲೋಡರ್‌ಗಳಲ್ಲಿ ಎಣ್ಣೆ ಬಿಸಿಯಿದ್ದು, ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿದ್ದು, ಗೇರ್ ನ್ಯೂಟ್ರಲ್‌ನಲ್ಲಿರಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಕೂಲರ್ ಮೂಲಕ ನೀರು ಸೇರಿದೆ, ಆ ನೀರು ಪ್ಲೇಟಿನ ಲೈನಿಂಗ್ ಹಿಡಿದಿರುವ ಅಂಟನ್ನೇ ಬಿಡಿಸುತ್ತದೆ. ಸುಟ್ಟ ವಾಸನೆಯಿದ್ದರೆ ಪ್ಲೇಟು ಬೆಂದಿದೆ. ಸ್ಟ್ರೈನರ್ (ಎಣ್ಣೆ ಸೋಸುವ ಜಾಲರಿ) ಬಿಚ್ಚಿ, ಫಿಲ್ಟರನ್ನು ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿ. ಕಪ್ಪು ಪದರು ಲೈನಿಂಗ್‌ನದು, ಹಳದಿ ಮಿನುಗು ಬುಷ್‌ನದು, ಆಯಸ್ಕಾಂತಕ್ಕೆ ಅಂಟುವ ಚೂರು ಗೇರು ಅಥವಾ ಬೇರಿಂಗ್‌ನದು.

ಆಮೇಲೆ ಒತ್ತಡ. ಬಹಳಷ್ಟು ಲೋಡರ್‌ಗಳಲ್ಲಿ ಕ್ಲಚ್ ಒತ್ತಡ 15ರಿಂದ 20 ಬಾರ್ ಆಸುಪಾಸು ಇರುತ್ತದೆ. ನಿಮ್ಮ ಯಂತ್ರದ ನಿಖರ ಅಂಕಿ ಕೈಪಿಡಿಯಲ್ಲಿದೆ. ಎಣ್ಣೆ ತಣ್ಣಗಿದ್ದಾಗ ಒಮ್ಮೆ, ಬಿಸಿಯಾದಾಗ ಒಮ್ಮೆ, ಪ್ರತಿ ಗೇರಿನಲ್ಲೂ ಅಳೆದು ಬರೆದುಕೊಳ್ಳಿ. ಎಲ್ಲ ಗೇರುಗಳಲ್ಲೂ ಕಡಿಮೆಯಿದ್ದರೆ ಪಂಪ್, ಸ್ಟ್ರೈನರ್ ಅಥವಾ ವಾಲ್ವ್. ಮುಂದಕ್ಕೆ ಹೋಗುವಾಗ ಮಾತ್ರ ಇಳಿದರೆ ಆ ಕ್ಲಚ್‌ನ ಸೀಲ್.

ಇನ್ನೊಂದು ಪರೀಕ್ಷೆಯ ಹೆಸರು ಸ್ಟಾಲ್ ಟೆಸ್ಟ್. ಬ್ರೇಕ್ ಗಟ್ಟಿಯಿರುವ ಯಂತ್ರದಲ್ಲಿ, ಎದುರಿಗೆ ಯಾರೂ ಇಲ್ಲದ ಬಯಲಿನಲ್ಲಿ ಮಾತ್ರ ಮಾಡಿ. ಬ್ರೇಕ್ ಒತ್ತಿ ಹಿಡಿದು, ಗೇರ್ ಹಾಕಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟು ಎಂಜಿನ್ ವೇಗ ಓದಿಕೊಳ್ಳಬೇಕು. 30 ಸೆಕೆಂಡ್ ದಾಟಬಾರದು, ಎಣ್ಣೆಯ ಉಷ್ಣತೆ 120 ಡಿಗ್ರಿ ಮುಟ್ಟಬಾರದು. ಕೈಪಿಡಿಯಲ್ಲಿರುವುದಕ್ಕಿಂತ ವೇಗ ಹೆಚ್ಚಿದ್ದರೆ ಕ್ಲಚ್ ಜಾರುತ್ತಿದೆ. ಕಡಿಮೆಯಿದ್ದರೆ ಎಂಜಿನ್ ಬಸವಳಿದಿದೆ, ಇಲ್ಲವೇ ಕನ್ವರ್ಟರ್‌ನೊಳಗೆ ಎಣ್ಣೆಯ ಹರಿವನ್ನು ತಿರುಗಿಸುವ ಸ್ಟೇಟರ್ ಕೆಟ್ಟಿದೆ. ಇಷ್ಟು ಮಾಡದೆ ಗೇರ್‌ಬಾಕ್ಸ್ ಇಳಿಸಿದವರು, ಕೊನೆಗೆ ಕೆಟ್ಟದ್ದು ಚಿಕ್ಕದೊಂದು ವಾಲ್ವ್ ಎಂದು ತಿಳಿದು ಕೂತದ್ದನ್ನು ನೋಡಿದ್ದೇನೆ.

ಇಳಿಸುವಾಗ

ಬಕೆಟ್ ನೆಲಕ್ಕೆ, ಚಕ್ರಕ್ಕೆ ಅಡ್ಡ ದಿಮ್ಮಿ, ಬ್ಯಾಟರಿ ಬೇರೆ. ನಡುವಿನ ಕೀಲಿಗೆ ಲಾಕ್ ಬಾರ್ ಹಾಕದೆ ಯಾರೂ ಅಲ್ಲಿ ಕೈಯಿಡಬಾರದು. ಯಂತ್ರ ಒಂದಿಷ್ಟು ಮಡಚಿಕೊಂಡರೂ ಎರಡು ಚಾಸಿಗಳ ನಡುವೆ ಸಿಕ್ಕವನು ಉಳಿಯುವುದಿಲ್ಲ. ಬ್ರೇಕ್‌ನ ಅಕ್ಯುಮುಲೇಟರ್‌ನಲ್ಲಿ (ಒತ್ತಡ ಕೂಡಿಡುವ ಪಾತ್ರೆ) ಉಳಿದ ಒತ್ತಡವನ್ನು ಪೆಡಲ್ ತುಳಿದು ತುಳಿದು ಖಾಲಿ ಮಾಡಿ. ಜಾಕಿಯನ್ನು ನಂಬಿ ಕೆಳಗೆ ಹೋಗಬೇಡಿ, ರೈಲ್ವೆ ಸ್ಲೀಪರ್‌ನಂಥ ಮರದ ದಿಮ್ಮಿಗಳ ಮೇಲೆ ಕೂರಿಸಿ. ಚಕ್ರ ಬಿಚ್ಚುವುದಿದ್ದರೆ ಮೊದಲು ವಾಲ್ವ್ ಕೋರ್ ತೆಗೆದು ಗಾಳಿ ಪೂರ್ತಿ ಬಿಡಿ. ಹಲವು ತುಂಡುಗಳನ್ನು ಜೋಡಿಸಿದ ರಿಮ್‌ನ ಲಾಕ್ ರಿಂಗ್ ಸಿಡಿದರೆ ಗುಂಡಿನಷ್ಟೇ ಅಪಾಯ.

ಪ್ರೊಪೆಲರ್ ಶಾಫ್ಟ್ ಬಿಚ್ಚುವ ಮೊದಲು ಎರಡೂ ಬದಿಗೆ ಪಂಚ್ ಗುರುತು ಹಾಕಿ. ಹೋಸ್‌ಗಳಿಗೆ ಸಂಖ್ಯೆ ಬರೆದ ತಗಡು ಕಟ್ಟಿ, ಬಾಯಿಗೆ ಬಿರಡೆ ಹಾಕಿ. ಮೊಬೈಲ್ ಇರುವುದೇ ಇದಕ್ಕೆ: ಹೆಜ್ಜೆ ಹೆಜ್ಜೆಗೂ ಚಿತ್ರ ತೆಗೆಯಿರಿ.

ಒಳಗೆ ಕಂಡದ್ದನ್ನು ಓದಿ

ಕ್ಲಚ್‌ನ ಉಕ್ಕಿನ ಪ್ಲೇಟನ್ನು ಬೆಳಕಿಗೆ ಹಿಡಿಯಿರಿ. ನವಿಲುಗರಿಯ ನೀಲಿ ಚುಕ್ಕೆ ಕಂಡರೆ ಅಲ್ಲಿ ಸುಟ್ಟಿದೆ. ಸಮತಟ್ಟಾದ ಹಾಸಿನ ಮೇಲಿಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿದರೆ ಬಾಗಿದ್ದು ತಿಳಿಯುತ್ತದೆ. ಬಾಗಿದ ಪ್ಲೇಟನ್ನು ಉಜ್ಜಿ ಮತ್ತೆ ಹಾಕುವ ಉಳಿತಾಯ ಬೇಡ. ಸೀಲ್ ರಿಂಗ್ ಓಡಾಡುವ ಜಾಗದಲ್ಲಿ ಉಗುರಿಗೆ ತಾಗುವ ಗೀರು ಇದ್ದರೆ ಹೊಸ ರಿಂಗ್ ಹಾಕಿಯೂ ಪ್ರಯೋಜನವಿಲ್ಲ, ಆ ಭಾಗವನ್ನೇ ಬದಲಿಸಬೇಕು.

ಹೊಸ ಲೈನಿಂಗ್ ಪ್ಲೇಟುಗಳನ್ನು ಜೋಡಿಸುವ ಮುನ್ನ ಅದೇ ಟ್ರಾನ್ಸ್‌ಮಿಷನ್ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿಡಿ. ಬೇರಿಂಗನ್ನು ಸುತ್ತಿಗೆಯಿಂದ ಬಡಿಯದೆ ಎಣ್ಣೆಯಲ್ಲಿ ಸುಮಾರು 100 ಡಿಗ್ರಿಗೆ ಕಾಯಿಸಿದರೆ ತಾನೇ ಜಾರಿ ಕೂರುತ್ತದೆ. ಕ್ಲಚ್ ಪ್ಲೇಟುಗಳ ಪ್ಯಾಕ್ ಕಟ್ಟಿದ ಮೇಲೆ ಎಣ್ಣೆಯ ರಂಧ್ರಕ್ಕೆ ಕಂಪ್ರೆಸರ್ ಗಾಳಿ ಕೊಡಿ. ಪ್ಲೇಟುಗಳನ್ನು ಒತ್ತುವ ಪಿಸ್ಟನ್ ‘ಟಕ್’ ಎಂದು ಹಿಡಿದು, ಗಾಳಿ ತೆಗೆದಾಗ ಹಿಂದೆ ಸರಿಯಬೇಕು. ಆ ಸದ್ದು ಕೇಳುವವರೆಗೆ ನಾನು ಮುಚ್ಚಳ ಮುಚ್ಚುವುದಿಲ್ಲ.

ಒರೆಸಲು ಕಾಟನ್ ವೇಸ್ಟ್ ಬಳಸಬೇಡಿ. ಅದರ ಒಂದು ಎಳೆ ವಾಲ್ವ್‌ನೊಳಗೆ ಜಾರುವ ಸ್ಪೂಲಿಗೆ ಸಿಕ್ಕಿದರೆ ಇಡೀ ಶ್ರಮ ವ್ಯರ್ಥ. ಹಾಗೆಯೇ ಕನ್ವರ್ಟರ್ ಕೂರಿಸುವಾಗ ಅದರ ಹಬ್ ಪಂಪಿನ ಹಲ್ಲಿನೊಳಗೆ ಪೂರ್ತಿ ಇಳಿಯಬೇಕು. ಕೈಯಲ್ಲಿ ಸೇರದೆ ಉಳಿದ ಸಂದನ್ನು ಬೋಲ್ಟ್ ಬಿಗಿದು ಮುಚ್ಚಿದರೆ ಪಂಪ್ ಒಡೆಯುತ್ತದೆ.

ಕೂಲರ್: ಎಲ್ಲರೂ ಮರೆಯುವ ಜಾಗ

ಒಮ್ಮೆ ನಾವು ಗೇರ್‌ಬಾಕ್ಸ್ ಪೂರ್ತಿ ಹೊಸದಾಗಿ ಕಟ್ಟಿ ಏರಿಸಿದೆವು. ಹನ್ನೆರಡನೆಯ ದಿನ ಅದೇ ಕಿರುಚಾಟ. ಬಿಚ್ಚಿದರೆ ಹೊಸ ಬುಷ್‌ಗಳಲ್ಲಿ ಹಳೆಯ ಲೋಹದ ಚೂರು ಕೂತಿತ್ತು. ಹಿಂದಿನ ಒಡಕಿನ ಪುಡಿಯೆಲ್ಲ ಆಯಿಲ್ ಕೂಲರ್‌ನ ಸಂದಿಗಳಲ್ಲಿ ಅಡಗಿ ಕುಳಿತು, ಎಣ್ಣೆ ಬಿಸಿಯಾದಂತೆ ಸ್ವಲ್ಪ ಸ್ವಲ್ಪವಾಗಿ ಹೊಸ ಪೆಟ್ಟಿಗೆಗೆ ಬಂದಿತ್ತು. ಎರಡನೆಯ ಬಾರಿಯ ಖರ್ಚು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಅಂದಿನಿಂದ ನನ್ನ ಕ್ರಮ ಇದು. ಕೂಲರ್ ಬಿಚ್ಚಿ, ಎಣ್ಣೆ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಶುದ್ಧ ಡೀಸೆಲ್ ಪಂಪ್ ಮಾಡುತ್ತೇವೆ. ಹೊರಬರುವುದನ್ನು ತೆಳು ಬಿಳಿ ಬಟ್ಟೆಯಲ್ಲಿ ಸೋಸುತ್ತೇವೆ. ಬಟ್ಟೆಯಲ್ಲಿ ಒಂದು ಮಿನುಗೂ ಉಳಿಯದ ತನಕ ನಿಲ್ಲಿಸುವುದಿಲ್ಲ, ಆಮೇಲೆ ಡೀಸೆಲ್ ಪೂರ್ತಿ ಸೋರಿಸಿ ಗಾಳಿ ಹೊಡೆದು ಒಣಗಿಸುತ್ತೇವೆ. ಒಡೆದದ್ದು ಗೇರು ಅಥವಾ ಬೇರಿಂಗ್ ಆಗಿದ್ದರೆ ತೊಳೆಯುವ ಗೋಜಿಗೂ ಹೋಗದೆ ಹೊಸ ಕೂಲರ್ ಹಾಕಿಸುತ್ತೇನೆ. ಹೋಸ್‌ಗಳಿಗೂ ಇದೇ ಸ್ನಾನ. ಕನ್ವರ್ಟರನ್ನೂ ಬಿಚ್ಚಿ ತೊಳೆಯಬೇಕು. ಹೊರಗಿನಿಂದ ಒರೆಸಿದರೆ ಸಾಲದು.

ಆಕ್ಸಲ್ ಮತ್ತು ಟೈರು

ಆಕ್ಸಲ್‌ನೊಳಗಿನ ಕ್ರೌನ್ ಮತ್ತು ಪಿನಿಯನ್ ಗೇರುಗಳು ಜೋಡಿಯಾಗಿಯೇ ತಯಾರಾಗುತ್ತವೆ, ಒಂದನ್ನೇ ಬದಲಿಸಬಾರದು. ಹಲ್ಲಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ಅಂಚಿಗೆ ಓಡದೆ ನಡುಭಾಗದ ಆಸುಪಾಸು ಬೀಳುತ್ತದೆಯೇ ನೋಡಿ. ಎಣ್ಣೆಯ ಬಗ್ಗೆ ಎಚ್ಚರ: ಆಕ್ಸಲ್‌ನೊಳಗೇ ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಇದ್ದರೆ ಸಾಮಾನ್ಯ ಗೇರ್ ಎಣ್ಣೆ ಹಾಕುವಂತಿಲ್ಲ. ಟ್ರಾನ್ಸ್‌ಮಿಷನ್ನಿಗೂ ಕೈಗೆ ಸಿಕ್ಕ ಡಬ್ಬಿ ಸುರಿಯದೆ, ತಯಾರಕರು ಹೇಳಿದ ದರ್ಜೆಯದನ್ನೇ ತನ್ನಿ.

ಮುಂದಿನ ಆಕ್ಸಲ್‌ಗೆ ಹೊಸ ಟೈರು, ಹಿಂದಿನದಕ್ಕೆ ಸವೆದ ಟೈರು ಹಾಕುವ ಅಭ್ಯಾಸವೂ ಡ್ರೈವ್‌ಲೈನನ್ನು ತಿನ್ನುತ್ತದೆ. ನಾಲ್ಕೂ ಚಕ್ರ ಎಳೆಯುವ ಯಂತ್ರದಲ್ಲಿ ಸುತ್ತಳತೆ ಬೇರೆಯಾದರೆ ಶಾಫ್ಟು, ಗೇರುಗಳು ಒಂದನ್ನೊಂದು ತಿರುಚುತ್ತಲೇ ಇರುತ್ತವೆ. ಟೇಪ್ ಹಿಡಿದು ಅಳೆದರೆ ಐದು ನಿಮಿಷದ ಕೆಲಸ.

ಓಡಿಸುವಾಗ

ಎಣ್ಣೆ ತುಂಬಿ ನಿಧಾನಗತಿಯಲ್ಲಿ ಓಡಿಸಿ, ಕೂಲರ್ ಮತ್ತು ಹೋಸ್ ತುಂಬಿಕೊಂಡ ಮೇಲೆ ಮಟ್ಟವನ್ನು ಮತ್ತೆ ನೋಡಿ. ಮೊದಲ ದಿನ ಖಾಲಿ ಬಕೆಟ್, ಮರುದಿನ ಅರ್ಧ. ಪೂರ್ತಿ ವೇಗದಲ್ಲಿ ಮುಂದಿನಿಂದ ಹಿಂದಕ್ಕೆ ಗೇರ್ ಎಳೆಯದಂತೆ ಆಪರೇಟರ್‌ಗೆ ಹೇಳಿ. ನೀವು ಮಾಡಿದ್ದೇನೆಂದು ಅವನಿಗೂ ತೋರಿಸಿ, ಸುಟ್ಟ ಪ್ಲೇಟನ್ನು ಅವನ ಕೈಗೇ ಕೊಡಿ. 50 ಗಂಟೆಗೆ ಫಿಲ್ಟರ್ ಬದಲಿಸಿ, ಹಳೆಯದನ್ನು ಕತ್ತರಿಸಿ ನೋಡಿ. ನುಣ್ಣಗಿನ ಬೂದು ಪುಡಿ ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಅಂದೇ ಯಂತ್ರ ನಿಲ್ಲಿಸಿ.

ಎಣ್ಣೆ ಬಿಸಿಯಿರುವಾಗ ಪ್ರತಿ ಗೇರಿನಲ್ಲೂ ಬಂದ ಒತ್ತಡವನ್ನು ದಿನಾಂಕದೊಂದಿಗೆ ಕ್ಯಾಬಿನ್ ಬಾಗಿಲ ಒಳಬದಿಗೆ ಪೇಂಟಿನಲ್ಲಿ ಬರೆದಿಡಿ. ಮುಂದೆ ಯಾವಾಗಲಾದರೂ ಲೋಡರ್ ರಾಶಿಯ ಮುಂದೆ ನಿಂತು ಕಿರುಚಿದರೆ, ಗೇಜ್ ಹಾಕಿದವನಿಗೆ ಹೋಲಿಸಲು ಅಂಕಿ ಅಲ್ಲೇ ಇರುತ್ತದೆ.