ಹೊಲದ ಸುದ್ದಿ ಒಲೆಗೆ ಮುಟ್ಟುವ ಮೊದಲೇ: ಊರಿಗೊಂದು ವಾರದ ಹಾಳೆ ಬರೆಯುವುದು ಹೇಗೆ?

ಆ ವರ್ಷ ಸೆಪ್ಟೆಂಬರ್‌ನ ಉತ್ತರೆ ಮಳೆ ಬಿಡದೆ ಹಿಡಿದಿತ್ತು. ಚಿತ್ರದುರ್ಗದ ಕಡೆ ಈರುಳ್ಳಿ ಹಾಕಿದ್ದ ನಮ್ಮ ದೊಡ್ಡಮ್ಮ ಫೋನಿನಲ್ಲಿ, "ಹೊಲದಾಗೆ ನೀರು ನಿಂತು ನಾಲ್ಕು ದಿನ ಆತು ಕಣವ್ವ, ಗಡ್ಡೆ ಮುಟ್ಟಿದ್ರೆ ಮೆತ್ತಗಾಗೈತೆ. ಕಿತ್ರೂ ಹದಿನೈದು ದಿನ ತಡಿಯಲ್ಲ" ಅಂದರು. ದಾವಣಗೆರೆಯ ನಮ್ಮ ಬೀದಿಗೆ ಆ ಸುದ್ದಿ ಮುಟ್ಟಿದ್ದು ವಾರ ಕಳೆದ ಮೇಲೆ, ಬೇರೆಯದೇ ರೂಪದಲ್ಲಿ: "ಈರುಳ್ಳಿ ಇನ್ನೂರಕ್ಕೆ ಹೋಗ್ತದೆ, ಈಗಲೇ ತಂದಿಟ್ಟುಕೊಳ್ಳಿ" ಎಂದು ಮೊಬೈಲಿನಿಂದ ಮೊಬೈಲಿಗೆ ಹಾರಿದ ಒಂದು ಸಾಲು. ಮೂರು ಮನೆಯವರು ಚೀಲಗಟ್ಟಲೆ ತಂದರು. ತಂದದ್ದೆಲ್ಲ ಮಳೆಗೆ ಸಿಕ್ಕ ಹಸಿ ಗಡ್ಡೆ. ಹದಿನೈದು ದಿನಕ್ಕೆ ಮಂಚದ ಕೆಳಗಿಂದ ನೀರು ಇಳಿಯಿತು, ಅರ್ಧಕ್ಕರ್ಧ ತಿಪ್ಪೆಗೆ ಹೋಯಿತು.

ದೊಡ್ಡಮ್ಮನ ಮಾತಿನಲ್ಲಿ ಎರಡು ವಿಷಯ ಇದ್ದವು. ಮಾಲು ಕಡಿಮೆಯಾಗುತ್ತದೆ ಎಂಬುದು ಒಂದು, ಬರುವ ಮಾಲು ಇಡಲು ಬರುವುದಿಲ್ಲ ಎಂಬುದು ಇನ್ನೊಂದು. ಬೀದಿಗೆ ಮೊದಲನೆಯದು ಮಾತ್ರ ತಲುಪಿತು. ಹೊಲಕ್ಕೂ ಅಡುಗೆಮನೆಗೂ ನಡುವೆ ಎಷ್ಟೋ ವಾರಗಳ ಅಂತರವಿರುತ್ತದೆ. ಆ ವಾರಗಳಲ್ಲಿ ಸರಿಯಾದ ಸುದ್ದಿ ಸಿಕ್ಕರೆ ಬಡ ಮನೆಯೂ ಸಿದ್ಧವಾಗಬಹುದು. ಇದಕ್ಕೆ ದೊಡ್ಡ ಸಂಸ್ಥೆ ಬೇಡ. ನಾಲ್ಕು ಜನ, ಒಂದು ನೋಟ್‌ಬುಕ್, ವಾರಕ್ಕೊಂದು ಹಾಳೆ ಸಾಕು.

ಮೊದಲು ಅಡುಗೆಮನೆಯ ಪಟ್ಟಿ

ಬೆಳೆಗಳಿಂದ ಶುರು ಮಾಡಬೇಡಿ, ಒಲೆಯಿಂದ ಶುರು ಮಾಡಿ. ನಿಮ್ಮ ಬೀದಿಯ ಹತ್ತು ಮನೆಗಳಲ್ಲಿ ತಿಂಗಳಿಗೆ ಏನೇನು ಖರ್ಚಾಗುತ್ತದೆ ಎಂದು ಕೇಳಿ ಬರೆದುಕೊಳ್ಳಿ. ನಮ್ಮ ಕಡೆ ಪಟ್ಟಿ ಬಹುತೇಕ ಒಂದೇ: ಅಕ್ಕಿ, ರಾಗಿ ಇಲ್ಲವೇ ಜೋಳ, ತೊಗರಿಬೇಳೆ, ಶೇಂಗಾ, ಎಣ್ಣೆ, ಈರುಳ್ಳಿ, ಟೊಮೆಟೊ. ದನ ಕಟ್ಟಿದ ಮನೆಗಳಿದ್ದರೆ ಮೇವನ್ನೂ ಸೇರಿಸಿ. ಏಳೆಂಟಕ್ಕಿಂತ ಹೆಚ್ಚು ಬೇಡ, ಹೆಚ್ಚಾದರೆ ಮೂರನೇ ವಾರಕ್ಕೇ ಕೈಬಿಡುತ್ತೀರಿ.

ದಾವಣಗೆರೆ ಜಿಲ್ಲೆಯ ಮಳೆಯಾಶ್ರಿತ ಹೊಲಗಳಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳ. ನಾವದನ್ನು ಮುದ್ದೆ ರೊಟ್ಟಿ ಮಾಡಿ ತಿನ್ನುವುದಿಲ್ಲ, ಹಾಗಾಗಿ ಪಟ್ಟಿಯಿಂದ ಬಿಟ್ಟುಬಿಡುತ್ತೇವೆ. ಬಿಡಬೇಡಿ. ಕೋಳಿ ಆಹಾರದ ಮುಖ್ಯ ಕಾಳು ಅದೇ, ಮೊಟ್ಟೆ ದರಕ್ಕೂ ಅದಕ್ಕೂ ನಂಟಿದೆ. ಅದರ ಜೊತೆಗೆ ಹೊಲದ ಮನೆಯವರ ಕೈಗೆ ದೀಪಾವಳಿ ಹೊತ್ತಿಗೆ ದುಡ್ಡು ಬರುತ್ತದೋ ಇಲ್ಲವೋ ಎಂಬುದನ್ನು ಹೇಳುವುದೂ ಮೆಕ್ಕೆಜೋಳವೇ.

ನೋಡುವವರು ಯಾರು?

ಕೇಳಿ ಹೇಳುವವರು ಬೇಡ, ನೋಡಿ ಹೇಳುವವರು ಬೇಕು. ಭದ್ರಾ ನಾಲೆಯ ಕೊನೆ ಭಾಗದಲ್ಲಿ ಗದ್ದೆ ಇರುವ ಒಬ್ಬರು, ಹಿರಿಯೂರು ಅಥವಾ ಚಳ್ಳಕೆರೆ ಕಡೆಯ ಖುಷ್ಕಿ (ಮಳೆಯನ್ನೇ ನಂಬಿದ) ಹೊಲದವರೊಬ್ಬರು, ಸಂತೆಯಲ್ಲಿ ತರಕಾರಿ ಇಡುವ ಒಬ್ಬ ಅಕ್ಕ, ಎಪಿಎಂಸಿಯಲ್ಲಿ (ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ) ಹಮಾಲಿ ಮಾಡುವವರೋ ಮಂಡಿಯಲ್ಲಿ ಲೆಕ್ಕ ಬರೆಯುವವರೋ ಒಬ್ಬರು. ಪ್ರತಿ ಶನಿವಾರ ಸಂಜೆ ಅವರಿಗೆ ಫೋನ್ ಮಾಡಿ. ಗದ್ದೆಯವರನ್ನು ಹುಡುಕುವಾಗ ಮೇಲ್ಭಾಗದವರೇ ಸಾಕು ಎಂದುಕೊಳ್ಳಬೇಡಿ. ನಾಲೆಯ ತಲೆಯಲ್ಲಿ ನೀರು ತುಂಬಿ ಹರಿಯುವ ದಿನವೇ ಹರಿಹರ, ದಾವಣಗೆರೆ ತಾಲ್ಲೂಕುಗಳ ಕೊನೆ ಭಾಗದಲ್ಲಿ ಗದ್ದೆ ಬಿರುಕು ಬಿಟ್ಟಿರಬಹುದು.

ನಾಲ್ಕು ಮಾತಿಲ್ಲದ ಸುದ್ದಿ ಬರೆಯಬೇಡಿ

ಏನು, ಎಲ್ಲಿ, ಯಾವತ್ತು ನೋಡಿದ್ದು, ಎಷ್ಟು. ಈ ನಾಲ್ಕರಲ್ಲಿ ಒಂದು ಕಡಿಮೆಯಾದರೂ ಅದು ಸುದ್ದಿಯಲ್ಲ, ಗಾಳಿಮಾತು. "ಈರುಳ್ಳಿ ಹಾಳಾಗಿದೆ" ಎಂದು ಬಂದರೆ ತಿರುಗಿ ಕೇಳಿ: ಯಾವ ಊರಿನ ಕಡೆ? ನೀವು ನೋಡಿದ ಹತ್ತು ಹೊಲದಲ್ಲಿ ಎಷ್ಟು ಹೊಲ? ಮಡಿಗೆ ಮಡಿಯೇ ಕೊಳೆತಿದೆಯೋ, ತಗ್ಗಿನಲ್ಲಿ ಮಾತ್ರವೋ? ಬರೆಯುವಾಗ "ಕಂಡದ್ದು" ಮತ್ತು "ಕೇಳಿದ್ದು" ಎಂದು ಬೇರೆ ಮಾಡಿ.

ಅಳತೆಯ ಬಗ್ಗೆಯೂ ಎಚ್ಚರ ಬೇಕು. ಚೀಲ, ಬಾಕ್ಸ್, ಪಾಕೆಟ್ ಎಂಬ ಮಾತುಗಳಿಗೆ ಊರಿಗೊಂದು ತೂಕ. ಟೊಮೆಟೊ ಬಾಕ್ಸ್ ಎಲ್ಲ ಕಡೆ ಒಂದೇ ಅಲ್ಲ. ಎಷ್ಟು ಕೆಜಿ ಎಂದು ಕೇಳಿ, ಕೆಜಿಯಲ್ಲೇ ಬರೆಯಿರಿ.

2016ರ ನವೆಂಬರ್‌ನಲ್ಲಿ ಉಪ್ಪು ಸಿಗುವುದಿಲ್ಲ ಎಂಬ ಸುಳ್ಳು ಹಬ್ಬಿ ಉತ್ತರ ಭಾರತದ ಊರುಗಳಲ್ಲಿ ಜನ ಅಂಗಡಿಗೆ ಮುಗಿಬಿದ್ದದ್ದು ನೆನಪಿರಬಹುದು. ಎಲ್ಲಿ, ಯಾಕೆ, ಯಾರು ನೋಡಿದ್ದು ಎಂದು ಒಬ್ಬರು ಕೇಳಿದ್ದರೂ ಆ ಸುದ್ದಿ ಅವರ ಬಾಗಿಲಲ್ಲೇ ನಿಲ್ಲುತ್ತಿತ್ತು.

ಅಂಕಿಗಳ ಜೊತೆ ತಾಳೆ ನೋಡಿ

ಮಳೆಗೆ: ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಅದರ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿದರೆ ನಿಮ್ಮ ಕಡೆಯ ಮಳೆ, ಮುನ್ಸೂಚನೆ ಹೇಳುತ್ತಾರೆ. ಶಾಲೆಯ ಮಕ್ಕಳಿದ್ದರೆ ನೇರ ಗೋಡೆಯ ಡಬ್ಬವೊಂದನ್ನು ಬಯಲಲ್ಲಿಟ್ಟು ಬೆಳಿಗ್ಗೆ ಸ್ಕೇಲಿನಿಂದ ಅಳೆಯಿಸಿ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು.

ಬೆಳೆಗೆ: ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆ ಎಷ್ಟಾಗಿದೆ ಎಂಬ ಲೆಕ್ಕ ಇರುತ್ತದೆ. ರೋಗ, ಕೀಟದ ವಿಷಯ ಕೇಳಲು ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಚಿತ್ರದುರ್ಗದವರಿಗೆ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ. ಎಲ್ಲಿಗೂ ಹೋಗಲಾಗದವರಿಗೆ ಕಿಸಾನ್ ಕಾಲ್ ಸೆಂಟರ್ ಇದೆ: 1800-180-1551, ಕನ್ನಡದಲ್ಲೇ ಮಾತಾಡಬಹುದು.

ದರಕ್ಕೆ: ಕೃಷಿ ಮಾರಾಟ ವಾಹಿನಿ ಎಂಬ ಸರ್ಕಾರಿ ಜಾಲತಾಣದಲ್ಲಿ ದಿನದಿನದ ಎಪಿಎಂಸಿ ಆವಕ (ಪೇಟೆಗೆ ಬಂದ ಮಾಲು) ಮತ್ತು ದರ ಸಿಗುತ್ತದೆ. ಅಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಇರುತ್ತವೆ. ಜನರ ಬಾಯಲ್ಲಿ ಓಡಾಡುವುದು ಗರಿಷ್ಠ ದರ. ಅದು ಆ ದಿನದ ಒಂದೋ ಎರಡೋ ಚೊಕ್ಕ ಲಾಟಿಗೆ ಸಿಕ್ಕದ್ದಿರಬಹುದು. ಹಾಳೆಗೆ ಬರೆಯಬೇಕಾದದ್ದು ಹೆಚ್ಚಿನ ಮಾಲು ಮಾರಾಟವಾದ ಮಾದರಿ ದರ, ಅದರ ಪಕ್ಕದಲ್ಲಿ ಆವಕ. ದರ ಏರಿ ಆವಕ ಇಳಿದಿದ್ದರೆ ಮಾಲೇ ಕಡಿಮೆ ಎಂದು ಅರ್ಥ, ಎರಡೂ ಏರಿದ್ದರೆ ಕೇಳುವವರು ಹೆಚ್ಚಿದ್ದಾರೆ ಎಂದು. ಕ್ವಿಂಟಲ್ ದರವನ್ನು ನೂರರಿಂದ ಭಾಗಿಸಿ ಕೆಜಿಗೆ ತನ್ನಿ, ಆದರೆ ಅಂಗಡಿಯವರು ಅದೇ ದರಕ್ಕೆ ಕೊಡಬೇಕೆಂದು ಜಗಳಕ್ಕೆ ನಿಲ್ಲಬೇಡಿ. ಹಮಾಲಿ, ಬಾಡಿಗೆ, ಕೊಳೆತು ಹೋಗುವ ಪಾಲು ಎಲ್ಲ ಅದರ ಮೇಲೆ ಕೂರುತ್ತವೆ.

ಹೊಲದಿಂದ ಒಲೆಗೆ ಎಷ್ಟು ದಿನ?

ಇದೇ ಮುಖ್ಯ ಕೆಲಸ. ಹೊಲದ ಸ್ಥಿತಿಯನ್ನು ಅಡುಗೆಮನೆಯ ತಾರೀಖಿಗೆ ಇಳಿಸಬೇಕು.

ಅಕ್ಕಿ. ನಮ್ಮ ಗದ್ದೆಗಳ ಹಣೆಬರಹ ದಾವಣಗೆರೆಯ ಮಳೆಯಲ್ಲಿಲ್ಲ, ಮಲೆನಾಡಿನ ಮಳೆಯಲ್ಲಿದೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ಜುಲೈನಿಂದ ಪ್ರತಿ ವಾರ ಆ ಮಟ್ಟ ಬರೆಯಿರಿ. ಮಳೆಗಾಲದ ಬೆಳೆಗೆ ನಾಲೆಗೆ ನೀರು ಬಿಟ್ಟ ಮೇಲೆ ನಾಟಿ, ನವೆಂಬರ್–ಡಿಸೆಂಬರ್‌ಗೆ ಕೊಯ್ಲು. ಜಲಾಶಯದಲ್ಲಿ ಉಳಿದ ನೀರು ನೋಡಿ ಬೇಸಿಗೆ ಬೆಳೆಯ ತೀರ್ಮಾನ, ಅದರ ಕೊಯ್ಲು ಏಪ್ರಿಲ್–ಮೇಗೆ. ಬೇಸಿಗೆ ಭತ್ತಕ್ಕೆ ನೀರಿಲ್ಲ ಎಂದು ಜನವರಿಯಲ್ಲಿ ಗೊತ್ತಾದರೆ, ಆ ಕೊರತೆ ಕಾಣಿಸುವುದು ನಾಲ್ಕು ತಿಂಗಳಾದ ಮೇಲೆ. ಅಷ್ಟು ದಿನ ಕೈಯಲ್ಲಿರುತ್ತದೆ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆ ವರ್ಷ ನಾಲೆ ನೀರಿಗಾಗಿ ದಾವಣಗೆರೆಯ ರೈತರು ಬೀದಿಗಿಳಿದಿದ್ದರು. ಆ ಹೋರಾಟದ ಸುದ್ದಿಯನ್ನು ಪೇಟೆಯ ನಾವು ರೈತರ ಸುದ್ದಿ ಎಂದು ಓದಿ ಬಿಟ್ಟೆವು. ಅದು ನಮ್ಮ ಅಕ್ಕಿ ಡಬ್ಬದ ಸುದ್ದಿಯೂ ಆಗಿತ್ತು. ಮಂಡಕ್ಕಿ ಭಟ್ಟಿಗಳಿಗೆ ಹೋಗುವುದೂ ಭತ್ತವೇ ಎಂಬುದನ್ನು ಈ ಊರಿನವರಿಗೆ ಬೇರೆ ಹೇಳಬೇಕಿಲ್ಲ.

ಈರುಳ್ಳಿ. ಚಿತ್ರದುರ್ಗ ಜಿಲ್ಲೆಯ ಮುಂಗಾರು ಈರುಳ್ಳಿಗೆ ಬಿತ್ತಿದಾಗಿನಿಂದ ಸುಮಾರು ನಾಲ್ಕು ತಿಂಗಳು. ಗಡ್ಡೆ ಬಲಿಯುವುದು, ಕೀಳುವುದು ಹುಬ್ಬೆ, ಉತ್ತರೆ, ಹಸ್ತ ಮಳೆಗಳ ನಡುವೆ, ಅಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗದವರೆಗೆ. ಕಿತ್ತದ್ದು ವಾರ ಹತ್ತು ದಿನದಲ್ಲಿ ಪೇಟೆಗೆ ಬರುತ್ತದೆ, ಹಾಗಾಗಿ ಇಲ್ಲಿ ಕೈಯಲ್ಲಿರುವ ಸಮಯ ಬಹಳ ಕಡಿಮೆ. ನೀರಿನಂಶ ಹೆಚ್ಚಿರುವ ಈ ಗಡ್ಡೆ ಮಹಾರಾಷ್ಟ್ರದ ಹಿಂಗಾರು ಈರುಳ್ಳಿಯಂತೆ ತಿಂಗಳುಗಟ್ಟಲೆ ಉಳಿಯುವುದಿಲ್ಲ. ಮಳೆಗೆ ಸಿಕ್ಕಿದ್ದರಂತೂ ಕೇಳುವುದೇ ಬೇಡ. ಆದ್ದರಿಂದ ಈರುಳ್ಳಿಯ ಸಾಲಿನಲ್ಲಿ ದರದ ಪಕ್ಕ ಕಡ್ಡಾಯವಾಗಿ "ಇಡಲು ಬರುತ್ತದೆ" ಅಥವಾ "ಇಡಲು ಬರುವುದಿಲ್ಲ" ಎಂದು ಬರೆಯಿರಿ. ನಮ್ಮ ಬೀದಿಗೆ ಬಂದ ಸುದ್ದಿಯಲ್ಲಿ ಆ ಒಂದು ಮಾತು ಇರಲಿಲ್ಲ.

ಶೇಂಗಾ. ಚಳ್ಳಕೆರೆಯ ಎಣ್ಣೆ ಗಿರಣಿಗಳು ನಂಬಿದ ಬೆಳೆ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕಾಯಿ ಕಟ್ಟುವಾಗ ಮಳೆ ಕೈಕೊಟ್ಟರೆ ಬಳ್ಳಿ ಹಸಿರಿದ್ದರೂ ಕೆಳಗೆ ಜೊಳ್ಳು. ಗಿಡ ಕಿತ್ತು ಕಾಯಿ ಎಣಿಸಿ ನೋಡಿದವರ ಮಾತನ್ನೇ ಬರೆಯಿರಿ. ಶೇಂಗಾ ಹೋದರೆ ಗಾಣದ ಎಣ್ಣೆ, ಚಟ್ನಿಪುಡಿ, ಉಂಡೆ ದುಬಾರಿಯಾಗುತ್ತವೆ. ಪ್ಯಾಕೆಟ್ ಎಣ್ಣೆ ಬೇರೆ ಲೆಕ್ಕ, ದೇಶಕ್ಕೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ.

ರಾಗಿ ಕೊಯ್ಲು ನವೆಂಬರ್–ಡಿಸೆಂಬರ್. 2025-26ಕ್ಕೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ ಇತ್ತು. ಪೇಟೆಯ ದರ ಆಯಾ ವರ್ಷದ ಬೆಂಬಲ ಬೆಲೆಗಿಂತ ಕೆಳಗಿದ್ದರೆ ರೈತರ ರಾಗಿ ಖರೀದಿ ಕೇಂದ್ರದ ಕಡೆ ಹೋಗುತ್ತದೆ. ವರ್ಷದ ರಾಗಿ ತರುವವರು ಈ ಹೊತ್ತಿಗೆ ವಿಚಾರಿಸಬೇಕು. ಟೊಮೆಟೊ ಸಸಿ ನಾಟಿ ಮಾಡಿದ ಎರಡು ತಿಂಗಳಿಗೆ ಮೊದಲ ಕೊಯ್ಲು. ತೊಗರಿಗೆ ನಮ್ಮ ಹೊಲಕ್ಕಿಂತ ಕಲಬುರಗಿಯ ಸುದ್ದಿ ಮುಖ್ಯ.

ನಮ್ಮ ಹೊಲ ನೋಡಿದ ಮಾತ್ರಕ್ಕೆ ದರ ತಿಳಿಯುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿತು, 2024ರ ಮೇನಲ್ಲಿ ಬಿಟ್ಟಿತು. ಅಂಥ ಆದೇಶ ಬಂದ ವಾರ ಅದನ್ನೂ ಒಂದು ಸಾಲು ಬರೆಯಿರಿ. ದರ ಇಷ್ಟೇ ಆಗುತ್ತದೆ ಎಂದು ಮಾತ್ರ ಯಾವತ್ತೂ ಬರೆಯಬೇಡಿ.

ಹಾಳೆ ಹೀಗಿರಲಿ

ಒಂದೇ ಪುಟ, ದಪ್ಪ ಅಕ್ಷರ, ಮೇಲ್ತುದಿಯಲ್ಲಿ ತಾರೀಖು. ಮಾದರಿಗೆ ಎರಡು ಸಾಲು:

"ಈರುಳ್ಳಿ: ಹಿರಿಯೂರು ಕಡೆ, ಗುರುವಾರ ಕಂಡದ್ದು. ಹತ್ತು ಹೊಲದಲ್ಲಿ ನಾಲ್ಕರಲ್ಲಿ ನೀರು ನಿಂತಿದೆ. ಮುಂದಿನ ವಾರ ಬರುವ ಮಾಲು ಹಸಿ ಇರಬಹುದು. ಇಡಲು ಬರುವುದಿಲ್ಲ, ಎರಡು ಮೂರು ಕೆಜಿ ಮಾತ್ರ ತನ್ನಿ."

"ಭತ್ತ: ಹರಿಹರ ತಾಲ್ಲೂಕು ನಾಲೆ ಕೊನೆ ಭಾಗ, ಶುಕ್ರವಾರ ಕಂಡದ್ದು. ನೀರು ಬಂದು ಮೂರು ದಿನ, ನಾಟಿ ಶುರು. ಅಕ್ಕಿಗೆ ಸದ್ಯ ಅವಸರ ಬೇಡ."

ಏನೂ ಮಾಡಬೇಕಿಲ್ಲ ಎಂಬುದೂ ಸುದ್ದಿಯೇ. ಬೆಳೆ ಚೆನ್ನಾಗಿರುವ ವಾರವೂ ಹಾಳೆ ಬರಬೇಕು. ಕೆಟ್ಟ ಸುದ್ದಿ ಇದ್ದಾಗ ಮಾತ್ರ ಬರೆದರೆ ಹಾಳೆ ಕಂಡರೇ ಜನ ಅಂಗಡಿಗೆ ಓಡುತ್ತಾರೆ.

ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಪಂಚಾಯಿತಿ ಫಲಕ, ಸ್ತ್ರೀಶಕ್ತಿ ಸಂಘದ ಸಭೆ, ಈ ನಾಲ್ಕು ಕಡೆ ಮುಟ್ಟಿದರೆ ಊರಿಗೆಲ್ಲ ಮುಟ್ಟಿದಂತೆ. ಓದಲು ಬಾರದವರಿಗಾಗಿ ಡೇರಿಯಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ. ವಾಟ್ಸ್‌ಆ್ಯಪ್‌ಗೆ ಹಾಕುವುದಾದರೆ ಹಾಳೆಯ ಫೋಟೋ ಹಾಕಿ. ಬಿಡಿ ಸಾಲು ಟೈಪ್ ಮಾಡಿದರೆ ತಾರೀಖು ಕಳಚಿಕೊಂಡು ಆರು ತಿಂಗಳಾದ ಮೇಲೂ ತಿರುಗುತ್ತಿರುತ್ತದೆ. ತಪ್ಪಾದರೆ ಮುಂದಿನ ವಾರದ ಹಾಳೆಯ ಮೊದಲ ಸಾಲೇ ತಿದ್ದುಪಡಿ.

ಯಾರ ಹೊಲ ಎಂದು ಹೆಸರು ಬರೆಯಲೇಬೇಡಿ. ಬೆಳೆ ಹೋದವನ ಹೆಸರು ಗೋಡೆಯ ಮೇಲೆ ಬಂದರೆ ಸಾಲ ಕೊಟ್ಟವರು ಅಂದೇ ಮನೆ ಬಾಗಿಲಿಗೆ ಬರುತ್ತಾರೆ, ದಲ್ಲಾಳಿ ದರ ಮುರಿಯುತ್ತಾನೆ. ಸುದ್ದಿ ಕೊಟ್ಟು ನಮಗೆ ಉಪಕಾರ ಮಾಡಿದವರಿಗೆ ಅದರಿಂದ ನೋವಾಗಬಾರದು.

ಹಾಳೆ ಓದಿ ಮನೆಯಲ್ಲಿ ಮಾಡುವುದು

ರಾಗಿ ಹುಳ ಹಿಡಿಯುವುದು ಕಡಿಮೆ. ನಮ್ಮ ಹಿರಿಯರು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದದ್ದು ಅದಕ್ಕೇ. ದುಡ್ಡು ಸ್ವಲ್ಪವೇ ಇದ್ದರೆ ಮೊದಲು ರಾಗಿ ತನ್ನಿ. ಅಕ್ಕಿ ಒಂದೆರಡು ತಿಂಗಳಿಗಾಗುವಷ್ಟು ಸಾಕು, ಬೇವಿನ ಒಣ ಎಲೆ ಹಾಕಿ ಮುಚ್ಚಿಡಿ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ತಂದರೂ ಕೆಲವು ತಿಂಗಳು ಹಳತಾಗಲು ಬಿಡಿ. ಈರುಳ್ಳಿಯನ್ನು ಚೀಲದಿಂದ ತೆಗೆದು ಗಾಳಿಯಾಡುವ ಕಡೆ ಹರಡಿ, ಮೆತ್ತಗಾದದ್ದನ್ನು ಆಯ್ದು ಮೊದಲು ಬಳಸಿ. ಶೇಂಗಾ ಕಾಯಿಯಾಗಿಯೇ ಇರಲಿ, ಅಲುಗಿಸಿದರೆ ಗಲಗಲ ಎನ್ನುವಷ್ಟು ಒಣಗಿರಲಿ. ಬೂಸ್ಟು ಹಿಡಿದ ಬೀಜವನ್ನು ಹುರಿದೂ ತಿನ್ನಬೇಡಿ, ದನಕ್ಕೂ ಹಾಕಬೇಡಿ, ಅದರಲ್ಲಿ ಯಕೃತ್ತಿಗೆ ಕೆಡುಕು ಮಾಡುವ ವಿಷವಿರುತ್ತದೆ. ದನ ಇದ್ದವರು ಮೆಕ್ಕೆಜೋಳದ ಸೊಪ್ಪೆ, ಶೇಂಗಾ ಹೊಟ್ಟು, ಭತ್ತದ ಹುಲ್ಲನ್ನು ಕೊಯ್ಲಿನ ದಿನಗಳಲ್ಲೇ ಮಾತಾಡಿಕೊಳ್ಳಿ, ಮಾರ್ಚ್‌ಗೆ ಕಾದರೆ ಸಿಗುವುದಿಲ್ಲ.

ಒಮ್ಮೆಗೆ ಚೀಲ ತರಲಾಗದ ಮನೆಗಳೇ ಹೆಚ್ಚು. ಐದು ಮನೆ ಸೇರಿ ಒಂದು ಚೀಲ ತಂದು ತೂಗಿ ಹಂಚಿಕೊಳ್ಳಿ, ಸಂಘದ ಉಳಿತಾಯದಿಂದ ಮುಂಗಡ ಪಡೆದು ವಾರವಾರ ತೀರಿಸಿ. ಅಳತೆ ಮೀರಿ ತುಂಬಿಡುವ ಮನೆಯವರಿಗೆ ನೇರವಾಗಿಯೇ ಹೇಳಿ, ಪಕ್ಕದ ಮನೆಯ ಪಾಲೂ ಅದರಲ್ಲಿದೆ.

ಹಳೆಯ ಹಾಳೆಗಳನ್ನು ಹರಿಯಬೇಡಿ, ದಾರದಲ್ಲಿ ಪೋಣಿಸಿ ಡೇರಿಯ ಮೊಳೆಗೆ ತೂಗುಹಾಕಿ. ಮುಂದಿನ ವರ್ಷ ಉತ್ತರೆ ಮಳೆ ಹಿಡಿದಾಗ ಹೋದ ವರ್ಷದ ಅದೇ ವಾರದ ಹಾಳೆ ತೆಗೆದು ಪಕ್ಕದಲ್ಲಿಟ್ಟುಕೊಂಡು ಬರೆಯಿರಿ.