ಫೋಮ್ ತಿರುಳಿನ ಫೈಬರ್ ದೋಣಿ: ಮನೆಯಂಗಳದಲ್ಲಿ ಕಟ್ಟುವ ಬಗೆ

ಮಲ್ಪೆ, ಮಂಗಳೂರು ಕಡೆಯ ಸಣ್ಣ ಫೈಬರ್ ದೋಣಿಗಳು ಹೆಚ್ಚಾಗಿ ಅಚ್ಚಿನೊಳಗೆ ಗಾಜಿನ ಎಳೆಗಳ ಮ್ಯಾಟ್ ಹಾಸಿ ಪಾಲಿಯೆಸ್ಟರ್ ರೆಸಿನ್ ಕುಡಿಸಿ ತೆಗೆದಂಥವು. ಒಂದೇ ಒಂದು ದೋಣಿ ಬೇಕಾದವರಿಗೆ ಈ ದಾರಿ ದುಬಾರಿ. ಮೊದಲು ಮಾದರಿ, ಅದರ ಮೇಲೆ ಅಚ್ಚು, ಆಮೇಲೆ ದೋಣಿ, ಹೀಗೆ ಅದೇ ಆಕಾರವನ್ನು ಮೂರು ಸಲ ಕಟ್ಟಬೇಕು. ಫೋಮ್ ತಿರುಳಿನ ದೋಣಿಗೆ ಮರದ ಹಂದರ ಸಾಕು. ಅದರ ಮೇಲೆ ಫೋಮ್ ಹೊದಿಸಿ, ಹೊರಗೂ ಒಳಗೂ ಗಾಜಿನ ಬಟ್ಟೆ ಅಂಟಿಸಿದರೆ ಒಡಲು ಸಿದ್ಧ.

ಅಲೆ ಹೊಡೆದಾಗ ಗಾಜಿನ ಒಂದು ಪದರ ಎಳೆತಕ್ಕೆ, ಇನ್ನೊಂದು ಒತ್ತಡಕ್ಕೆ ಸಿಗುತ್ತದೆ. ಅವೆರಡೂ ಒಂದರ ಮೇಲೊಂದು ಜಾರದಂತೆ ಹಿಡಿಯುವುದು ಫೋಮಿನ ಕೆಲಸ. ಅಂಟು ಬಿಟ್ಟರೆ ಉಳಿಯುವುದು ಒಂದು ಮಿಲಿಮೀಟರ್ ದಪ್ಪದ ಎರಡು ಸಿಪ್ಪೆ ಮಾತ್ರ. ಆದ್ದರಿಂದ ದೋಣಿಗೆ ಕೈ ಹಾಕುವ ಮುನ್ನ ಒಂದು ಅಡಿ ಚದರದ ತುಂಡೊಂದನ್ನು ಮಾಡಿ, ವಾರ ಬಿಟ್ಟು ಉಳಿ ಹಾಕಿ ಸಿಪ್ಪೆ ಎಬ್ಬಿಸಿ. ಸಿಪ್ಪೆಯ ಹಿಂದೆ ಫೋಮ್ ಹರಿದು ಅಂಟಿಕೊಂಡು ಬಂದರೆ ನಿಮ್ಮ ವಿಧಾನ ಸರಿ. ಚೊಕ್ಕವಾಗಿ ಬಿಟ್ಟುಬಂದರೆ ದೋಣಿಯೂ ಹಾಗೇ ಬಿಡುತ್ತದೆ.

12 ಅಡಿಯ, ಇಬ್ಬರು ಮೂವರು ಕೂರುವ ದೋಣಿಯ ಒಡಲು ಸುಮಾರು 7 ಚದರ ಮೀಟರ್ ಎಂದು ಹಿಡಿಯೋಣ. ಘನ ಮೀಟರಿಗೆ 80 ಕೆಜಿ ತೂಗುವ, 12 ಮಿಮೀ ದಪ್ಪದ ಪಿವಿಸಿ ಫೋಮ್ ಬೇಕು. ಕತ್ತರಿಸುವಾಗಿನ ನಷ್ಟ ಸೇರಿ 9 ಚದರ ಮೀಟರ್ ತನ್ನಿ. ಥರ್ಮೊಕೋಲ್ ಅಗ್ಗವೆಂದು ಅತ್ತ ಹೋಗಬೇಡಿ. ಪಾಲಿಯೆಸ್ಟರ್ ರೆಸಿನ್ ತಾಗಿದರೆ ಅದು ಕರಗಿಹೋಗುತ್ತದೆ, ನಾವಿಲ್ಲಿ ಬಳಸುವ, ಎರಡು ದ್ರವ ಬೆರೆಸಿ ಗಟ್ಟಿಯಾಗಿಸುವ ಇಪಾಕ್ಸಿ ರೆಸಿನ್‌ನಲ್ಲಿ ಕರಗದಿದ್ದರೂ ಈ ಕೆಲಸಕ್ಕೆ ತೀರಾ ಮೆದು. ಹೊರಗೆ ಚದರ ಮೀಟರಿಗೆ 450 ಗ್ರಾಮಿನ ಬೈಆಕ್ಸಿಯಲ್ (ಎಳೆಗಳು ಎರಡು ದಿಕ್ಕಿಗೆ ಓಡುವ) ಗಾಜಿನ ಬಟ್ಟೆ ಎರಡು ಪದರ, ಒಳಗೆ 600 ಗ್ರಾಮಿನದು ಒಂದು ಪದರ. ಒಟ್ಟು ಗಾಜು ಹತ್ತೂವರೆ ಕೆಜಿ. ಕೈಯಲ್ಲಿ ಹಚ್ಚುವಾಗ ಅಷ್ಟೇ ತೂಕದ ಇಪಾಕ್ಸಿ ಕುಡಿಯುತ್ತದೆ. ಫೋಮಿಗೆ ಮೊದಲು ಸವರಲು, ಮೂಲೆ ತುಂಬಲು, ಡಬ್ಬದಲ್ಲಿ ಗಟ್ಟಿಯಾಗಿ ಹಾಳಾಗುವುದಕ್ಕೆ ಎಲ್ಲ ಸೇರಿಸಿ 25 ಕೆಜಿ ಇಪಾಕ್ಸಿ ಇಟ್ಟುಕೊಳ್ಳಿ. ಅಂಗಡಿಯ ಮಾಮೂಲಿ ಮ್ಯಾಟ್ ಇಲ್ಲಿ ಬೇಡ. ಅದರ ಎಳೆಗಳನ್ನು ಹಿಡಿದಿರುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್‌ಗೆ ಕರಗುವಂಥದ್ದು. ಇಪಾಕ್ಸಿಯಲ್ಲಿ ಕರಗದೆ ಮ್ಯಾಟ್ ಸೆಟೆದುಕೊಂಡೇ ಇರುತ್ತದೆ.

ಅಗ್ಗದ ಪ್ಲೈವುಡ್‌ನಲ್ಲಿ ದೋಣಿಯ ಅಡ್ಡಸೀಳಿನ ಆಕಾರಗಳನ್ನು ಕತ್ತರಿಸಿ, 40 ಸೆಂಮೀಗೊಂದರಂತೆ ತಲೆಕೆಳಗಾಗಿ ನಿಲ್ಲಿಸಿ. ಈ ಆಕಾರಗಳಲ್ಲಿ ರೀಪು ಮತ್ತು ಫೋಮಿನ ದಪ್ಪವನ್ನು ಕಳೆದಿರಬೇಕು, ಹಲವರು ಮರೆಯುವುದು ಇದನ್ನೇ. ಅವುಗಳ ಮೇಲೆ 12 ಸೆಂಮೀ ಅಂತರದಲ್ಲಿ ಉದ್ದಕ್ಕೆ ರೀಪು ಹೊಡೆದು, ರೀಪುಗಳಿಗೆ ಪ್ಲಾಸ್ಟಿಕ್ ಟೇಪು ಸುತ್ತಿ. ಫೋಮನ್ನು ಒಳಗಿನಿಂದ, ರೀಪಿನ ಮೂಲಕ ಸ್ಕ್ರೂ ಹಾಕಿ ಹಿಡಿಸಿ. ಬಾಗು ಹೆಚ್ಚಿರುವಲ್ಲಿ ಹಾಟ್ ಏರ್ ಗನ್ನಿನಿಂದ ಎರಡೂ ಬದಿ ಕಾಯಿಸಿದರೆ ಮೆತ್ತಗಾಗಿ ಬಾಗುತ್ತದೆ. ಬಣ್ಣ ಕಂದಾಯಿತೆಂದರೆ ಆ ತುಂಡು ಸುಟ್ಟಂತೆ, ಬದಲಿಸಿ. ತುಂಡುಗಳ ಸಂದಿಗೆ ಇಪಾಕ್ಸಿ ಮತ್ತು ಮೈಕ್ರೋಬಲೂನಿನ (ಸಣ್ಣ ಟೊಳ್ಳು ಗುಂಡುಗಳ ಹಗುರ ಪುಡಿ) ಪುಟ್ಟಿ ತುಂಬಿ, ಆರಿದ ಮೇಲೆ ಉದ್ದನೆಯ ಹಲಗೆಗೆ ಸ್ಯಾಂಡ್ ಪೇಪರ್ ಅಂಟಿಸಿ ಉಜ್ಜಿ. ಉಬ್ಬುತಗ್ಗು ಫೋಮಿನಲ್ಲಿದ್ದಾಗ ಹತ್ತು ನಿಮಿಷದ ಕೆಲಸ, ಗಾಜಿನ ಮೇಲೆ ಇಡೀ ದಿನದ್ದು.

ಬಟ್ಟೆ ಹಾಸುವ ದಿನ ಗಡಿಬಿಡಿ ಬೇಡ. ಬಟ್ಟೆಯನ್ನೆಲ್ಲ ಮೊದಲೇ ಕತ್ತರಿಸಿ, ನಂಬರು ಬರೆದು, ಸುರುಳಿ ಸುತ್ತಿಡಿ. ಇಪಾಕ್ಸಿ ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡನರನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ ಡಿಜಿಟಲ್ ತಕ್ಕಡಿಯಲ್ಲೇ ತೂಗಿ. ಬೇಗ ಆರಲೆಂದು ಹಾರ್ಡನರ್ ಹೆಚ್ಚು ಹಾಕುವ ಅಭ್ಯಾಸ ಪಾಲಿಯೆಸ್ಟರಿನಿಂದ ಬಂದದ್ದು. ಇಪಾಕ್ಸಿಯಲ್ಲಿ ಹಾಗೆ ಮಾಡಿದರೆ ಅದು ಕೊನೆಯವರೆಗೂ ಮೆದುವಾಗಿಯೇ ಉಳಿಯುತ್ತದೆ. ಒಂದು ಸಲಕ್ಕೆ 400 ಗ್ರಾಂ ಮೀರದಂತೆ ಕಲಸಿ, ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ಡಬ್ಬದಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಹೊಗೆಯಾಡುತ್ತದೆ.

ಮೊದಲು ಇಪಾಕ್ಸಿಗೆ ಮೈಕ್ರೋಬಲೂನ್ ಸೇರಿಸಿ, ನೀರುದೋಸೆಗಿಂತ ಕೊಂಚ ಗಟ್ಟಿ ಹಿಟ್ಟಿನ ಹದಕ್ಕೆ ತಂದು, ಫೋಮಿನ ಮೇಲೆ ಹಚ್ಚಿ ಹೆರೆದು ತೆಗೆಯಿರಿ. ಕೊಯ್ದ ಫೋಮಿನ ಮೈತುಂಬ ತೆರೆದ ಗುಳಿಗಳಿರುತ್ತವೆ. ಅವು ತುಂಬದಿದ್ದರೆ ಬಟ್ಟೆಯ ಇಪಾಕ್ಸಿಯನ್ನು ಹೀರಿಕೊಂಡು ಅಂಟಿನ ಜಾಗವನ್ನೇ ಒಣಗಿಸುತ್ತವೆ. ಈ ಲೇಪ ಅಂಟಂಟಾಗಿರುವಾಗಲೇ ಬಟ್ಟೆ ಹಾಸಿ, ಇಪಾಕ್ಸಿ ಸುರಿದು, ನಡುವಿನಿಂದ ಅಂಚಿಗೆ ತಳ್ಳಿ. ತುಂಡುಗಳು 5 ಸೆಂಮೀ ಒಂದರ ಮೇಲೊಂದು ಬರಲಿ. ಕೊನೆಗೆ ಪೀಲ್ ಪ್ಲೈ, ಅಂದರೆ ಆಮೇಲೆ ಕಿತ್ತು ತೆಗೆಯುವ ತೆಳು ಬಟ್ಟೆ, ಹೊದಿಸಿ. ಆರಿದ ಮೇಲೆ ಕಿತ್ತರೆ ಮುಂದಿನ ಪದರಕ್ಕೆ ಒರಟು ಮೈ ಸಿಗುತ್ತದೆ.

ಹೊತ್ತಿನ ಆಯ್ಕೆಯೂ ಮುಖ್ಯ. ಬೆಳಿಗ್ಗೆ ಹಾಸಿದರೆ ಬಿಸಿಲೇರಿದಂತೆ ಫೋಮಿನ ಗಾಳಿ ಹಿಗ್ಗಿ ಬಟ್ಟೆಯಡಿ ಗುಳ್ಳೆ ಏಳುತ್ತದೆ. ಸಂಜೆ ನಾಲ್ಕರ ಮೇಲೆ, ತಂಪು ಇಳಿಯುವಾಗ ಶುರು ಮಾಡಿ. ಕರಾವಳಿಯಲ್ಲಿ ಮಳೆಗಾಲ ಪೂರ್ತಿ ಈ ಕೆಲಸ ಕೈಬಿಡುವುದೇ ವಾಸಿ. ತೇವದ ಗಾಳಿಯಲ್ಲಿ ಇಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಜಿಡ್ಡು ಕಂಡರೆ ಬರೀ ನೀರು ಹಾಕಿ ತೊಳೆದು, ಒಣಗಿಸಿ, ಆಮೇಲೆ ಉಜ್ಜಿ. ಮೊದಲೇ ಉಜ್ಜಿದರೆ ಅದನ್ನೇ ಒಳಕ್ಕೆ ತಿಕ್ಕಿದಂತೆ.

ಹೊರಪದರ ಮೂರು ದಿನ ಹಂದರದ ಮೇಲೇ ಇರಲಿ. ಆ ಬಿಡುವಿನಲ್ಲಿ ಒಡಲಿನ ಆಕಾರಕ್ಕೆ ಹೊಂದುವ ಎರಡು ತೊಟ್ಟಿಲುಗಳನ್ನು ಮಾಡಿಕೊಳ್ಳಿ. ಸ್ಕ್ರೂ ಬಿಚ್ಚಿ, ನಾಲ್ವರು ಎತ್ತಿ, ಮಗುಚಿ ಅದರಲ್ಲಿ ಕೂರಿಸಿ. ಒಂದೇ ಪದರದ ಒಡಲು ಮೊರದಂತೆ ಅಲುಗಾಡುತ್ತದೆ. ತಿರುಚಿಕೊಂಡಿದ್ದಾಗ ಒಳಪದರ ಹಾಕಿದರೆ ಆ ತಿರುಚು ಶಾಶ್ವತ. ನೀರಿನ ಪೈಪ್ ಹಿಡಿದು ನಾಲ್ಕೂ ಮೂಲೆ ಮಟ್ಟ ನೋಡಿದ ಮೇಲೆಯೇ ಒಳಗೆ ಕೈ ಹಾಕಿ. ಸ್ಕ್ರೂ ತೂತು ತುಂಬಿ, ಅದೇ ಲೇಪ, ಅದೇ ಕ್ರಮ. ಮೂಲೆಗಳಿಗೆ ಸಿಲಿಕಾ ಪುಡಿ ಬೆರೆಸಿದ, ಹೂರಣದಷ್ಟು ಗಟ್ಟಿ ಪುಟ್ಟಿಯನ್ನು 2 ಸೆಂಮೀ ದುಂಡಗೆ ಎಳೆಯಿರಿ. ಗಾಜಿನ ಬಟ್ಟೆ ಚೂಪು ಮೂಲೆಯಲ್ಲಿ ಕೂರುವುದಿಲ್ಲ.

ಎಲ್ಲ ಆರಿದ ಮೇಲೆ ನಾಣ್ಯ ಹಿಡಿದು ಮೈಯೆಲ್ಲ ತಟ್ಟಿ, ಹಲಸಿನಹಣ್ಣು ನೋಡಿದ ಹಾಗೆ. ದನಿ ಬೊದ್ದೆನ್ನುವಲ್ಲಿ ಅಂಟಿಲ್ಲ. ಅಲ್ಲಿ 3 ಮಿಮೀ ತೂತು ಎರಡು ಕೊರೆದು, ಸಿರಿಂಜಿನಿಂದ ಒಂದರಲ್ಲಿ ಇಪಾಕ್ಸಿ ತಳ್ಳಿ, ಇನ್ನೊಂದರಿಂದ ಹೊರಬರುವ ತನಕ.

ಮೋಟಾರು ಕೂರುವ ಹಿಂಬದಿ ಗೋಡೆಯ ನಡುವೆ ಫೋಮ್ ಬೇಡ. ಭಾರತೀಯ ಮಾನಕ ಐಎಸ್ 710 ಗುರುತಿನ 18 ಮಿಮೀ ಮರೀನ್ ಪ್ಲೈವುಡ್ ಎರಡು ಪದರ ಅಂಟಿಸಿ ಕೂರಿಸಿ. ಬಣ್ಣ ಬಿಳಿ ಅಥವಾ ತಿಳಿಬಣ್ಣವೇ ಇರಲಿ, ಕಡುಬಣ್ಣ ಬಿಸಿಲಿಗೆ ಕಾದರೆ ಪಿವಿಸಿ ಫೋಮ್ ಮೆದುವಾಗುತ್ತದೆ. ಉಜ್ಜುವಾಗ ದೂಳಿನ ಮಾಸ್ಕ್, ಇಪಾಕ್ಸಿ ಮುಟ್ಟುವಾಗ ನೈಟ್ರೈಲ್ ಕೈಗವಸು ಬಿಡಬೇಡಿ. ಒಮ್ಮೆ ಇಪಾಕ್ಸಿಗೆ ಅಲರ್ಜಿ ಹತ್ತಿದರೆ ಸಾಮಾನ್ಯವಾಗಿ ಹೋಗುವುದಿಲ್ಲ.

ಹುಟ್ಟಿನ ಕೊಂಡಿಗಾಗಲಿ, ಹಗ್ಗದ ಬಳೆಗಾಗಲಿ ಫೋಮಿಗೆ ನೇರ ಬೋಲ್ಟ್ ಹಾಕಬೇಡಿ. ಬಿಗಿದರೆ ಫೋಮ್ ನಜ್ಜುಗುಜ್ಜಾಗುತ್ತದೆ, ಆ ಸಂದಿಯಲ್ಲಿ ನೀರು ಹೊಕ್ಕು ಸಿಪ್ಪೆ ಎಬ್ಬಿಸುತ್ತದೆ. 8 ಮಿಮೀ ಬೋಲ್ಟಿಗೆ 20 ಮಿಮೀ ತೂತು ಕೊರೆದು, ಬಾಗಿಸಿದ ಮೊಳೆಯಿಂದ ಸುತ್ತಲಿನ ಫೋಮ್ ಇನ್ನಷ್ಟು ಕೆರೆದು, ಗಟ್ಟಿ ಇಪಾಕ್ಸಿ ಪುಟ್ಟಿ ತುಂಬಿ, ಅದು ಆರಿದ ಮೇಲೆ ಅದರ ನಡುವೆ 8 ಮಿಮೀ ಕೊರೆಯಿರಿ.