ಶಟಲ್ ಆಡುವ ಮುನ್ನ ಹತ್ತು ನಿಮಿಷ: ಮೈ ಬಿಸಿ ಮಾಡಿಕೊಳ್ಳುವುದು ಹೇಗೆ?

ಶಟಲ್ ಕೋರ್ಟ್ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ನಗರಗಳಲ್ಲಿ ಮೊದಲು ಕತ್ತರಿ ಬೀಳುವುದು ವಾರ್ಮ್ ಅಪ್‌ಗೆ. ಆರು ಗಂಟೆಗೆ ಬುಕಿಂಗ್ ಇದ್ದರೆ ಆರು ಐದಕ್ಕೆ ಬೈಕ್ ನಿಲ್ಲಿಸಿ ಓಡಿ ಬರುವುದು, ಎರಡು ಸಲ ತೋಳು ತಿರುಗಿಸುವುದು, ಮೂರನೇ ಹೊಡೆತಕ್ಕೇ ಸ್ಮ್ಯಾಶ್! ದುಡ್ಡು ಕೊಟ್ಟು ಪಡೆದ ಗಂಟೆಯಲ್ಲಿ ಹತ್ತು ನಿಮಿಷವನ್ನು ಕಸರತ್ತಿಗೆ ಬಿಡಲು ಯಾರಿಗೂ ಮನಸ್ಸು ಬಾರದು. ಬಿಡುವುದೂ ಬೇಡ. ಬುಕಿಂಗ್ ಸಮಯಕ್ಕೆ ಕಾಲು ಗಂಟೆ ಮೊದಲು ತಲುಪಿ, ಪಾರ್ಕಿಂಗ್ ಜಾಗದಲ್ಲೋ ಕೋರ್ಟಿನ ಹೊರಗಿನ ಹಜಾರದಲ್ಲೋ ಆ ಕೆಲಸ ಮುಗಿಸಿಕೊಳ್ಳಿ.

ಸುಮ್ಮನೆ ಕುಳಿತವರ ಕಾಲಿನ ಸ್ನಾಯುಗಳು ದೇಹದ ಒಳಭಾಗಕ್ಕಿಂತ ತಣ್ಣಗಿರುತ್ತವೆ. ಡಿಸೆಂಬರ್ ಬೆಳಿಗ್ಗೆ ಬೈಕಿನಲ್ಲಿ ಬಂದವರದ್ದು ಇನ್ನೂ ತಣ್ಣಗೆ. ಸ್ನಾಯುವಿನ ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಕಾರ್ಯಕ್ಷಮತೆ ಸುಮಾರು ಶೇ 2ರಿಂದ 5ರಷ್ಟು ಹೆಚ್ಚುತ್ತದೆ. ನರಗಳ ಸಂದೇಶ ಬೇಗ ತಲುಪುತ್ತದೆ, ರಕ್ತದಲ್ಲಿರುವ ಆಮ್ಲಜನಕ ಸ್ನಾಯುವಿಗೆ ಸುಲಭವಾಗಿ ದಕ್ಕುತ್ತದೆ. ಹೃದಯಕ್ಕೂ ಏಕಾಏಕಿ ಹೊರೆ ಬೀಳುವುದಿಲ್ಲ. ಮೂವತ್ತೈದು ದಾಟಿದವರಿಗೆ ಈ ಕೊನೆಯ ಕಾರಣವೊಂದೇ ಸಾಕು.

ಮೊದಲ ಮೂರು ನಿಮಿಷ: ಉಸಿರು ಏರಲಿ

ಬಿರುಸಾಗಿ ನಡೆಯಿರಿ, ಆಮೇಲೆ ನಿಧಾನವಾಗಿ ಓಡಿ. ಜಾಗ ಇಲ್ಲದಿದ್ದರೆ ಸ್ಕಿಪ್ಪಿಂಗ್ ಹಗ್ಗ ಸಾಕು. ಉಸಿರು ಏರಬೇಕು, ಆದರೆ ಪಕ್ಕದವರೊಂದಿಗೆ ಮಾತನಾಡಲು ಆಗಬೇಕು. ಹಣೆಯಲ್ಲಿ ತೆಳುವಾಗಿ ಬೆವರು ಕಾಣಿಸಿಕೊಂಡರೆ ಮುಂದಿನ ಹಂತಕ್ಕೆ ಹೋಗಬಹುದು.

ಮುಂದಿನ ಮೂರು ನಿಮಿಷ: ಕೀಲುಗಳು ಸಡಿಲಾಗಲಿ

ಗೋಡೆ ಹಿಡಿದು ನಿಂತು ಒಂದು ಕಾಲನ್ನು ಹಿಂದಕ್ಕೂ ಮುಂದಕ್ಕೂ ಹತ್ತು ಸಲ ಬೀಸಿ, ಬಳಿಕ ಅಡ್ಡಡ್ಡ ಹತ್ತು ಸಲ. ಇನ್ನೊಂದು ಕಾಲಿಗೂ ಅಷ್ಟೇ. ಆಮೇಲೆ ಉದ್ದನೆಯ ಹೆಜ್ಜೆ ಇಟ್ಟು ಮುಂದಿನ ಮಂಡಿ ಮಡಿಸುವ ಲಂಜ್. ನೆಟ್ ದಾಟಿದ ಕೂಡಲೇ ಕೆಳಗಿಳಿಯುವ ಮೆಲು ಹೊಡೆತವನ್ನು (ಡ್ರಾಪ್) ಎತ್ತುವಾಗ ಮಾಡುವುದು ಇದನ್ನೇ. ಸೊಂಟದ ಮೇಲಿನ ಭಾಗವನ್ನು ಎಡಬಲಕ್ಕೆ ತಿರುಗಿಸಿ. ತೋಳನ್ನು ಸಣ್ಣ ವೃತ್ತದಿಂದ ಆರಂಭಿಸಿ ದೊಡ್ಡ ವೃತ್ತಕ್ಕೆ ಒಯ್ಯಿರಿ.

ಶಾಲೆಯ ಪಿ.ಟಿ. ತರಗತಿಯಿಂದ ಬಂದ ಅಭ್ಯಾಸವೊಂದನ್ನು ಇಲ್ಲಿ ಬಿಡಬೇಕು. ಬಗ್ಗಿ ಕಾಲ್ಬೆರಳು ಹಿಡಿದು ನಿಮಿಷಗಟ್ಟಲೆ ಅಲ್ಲಾಡದೆ ನಿಲ್ಲುವ ಸ್ಟ್ರೆಚಿಂಗ್ ಆಟಕ್ಕೆ ಮೊದಲು ಬೇಡ. ಒಂದು ಸ್ನಾಯುವನ್ನು ಅರುವತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೆ ಎಳೆದು ಹಿಡಿದರೆ ಅದರ ಬಲ ತಾತ್ಕಾಲಿಕವಾಗಿ ತುಸು ತಗ್ಗುತ್ತದೆ. ಹತ್ತಿಪ್ಪತ್ತು ಸೆಕೆಂಡಿನಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ. ಉಳಿದದ್ದನ್ನು ಆಟ ಮುಗಿದ ಮೇಲೆ ಇಟ್ಟುಕೊಳ್ಳಿ.

ಎರಡು ನಿಮಿಷ ಹಿಮ್ಮಡಿಗೆ

ಇದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಸ್ನಾಯುರಜ್ಜು ಶಟಲ್ ಆಡುವವರಲ್ಲಿ ಹರಿಯುವುದುಂಟು. ಹೆಚ್ಚಾಗಿ ಸಿಲುಕುವವರು ಮೂವತ್ತರಿಂದ ಐವತ್ತರೊಳಗಿನ, ವಾರಾಂತ್ಯಕ್ಕೆ ಮಾತ್ರ ಆಡುವ ಗಂಡಸರು. ಹಿಂದಕ್ಕೆ ಹೆಜ್ಜೆ ಇಟ್ಟು ಥಟ್ಟನೆ ಮುಂದಕ್ಕೆ ನೆಗೆಯುವಾಗ ಟಪ್ ಎಂಬ ಸದ್ದಾಗುತ್ತದೆ. ಯಾರೋ ಹಿಂದಿನಿಂದ ಒದ್ದರೆಂದುಕೊಂಡು ಆಟಗಾರ ತಿರುಗಿ ನೋಡಿದರೆ ಅಲ್ಲಿ ಯಾರೂ ಇರುವುದಿಲ್ಲ. ಆ ಕಾಲಿನ ಹಿಮ್ಮಡಿ ಎತ್ತಿ ಬೆರಳುಗಳ ಮೇಲೆ ನಿಲ್ಲಲು ಆಗದಿದ್ದರೆ ಉಳುಕು ಎಂದು ಎಣ್ಣೆ ತಿಕ್ಕುತ್ತಾ ಕೂರದೆ ಅಂದೇ ಮೂಳೆ ವೈದ್ಯರನ್ನು ಕಾಣಬೇಕು.

ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ, ಹಿಮ್ಮಡಿಯನ್ನು ನಿಧಾನವಾಗಿ ಏರಿಸಿ ಇಳಿಸಿ. ಎರಡೂ ಕಾಲಿನಲ್ಲಿ ಹದಿನೈದು ಸಲ, ಬಳಿಕ ಒಂದೊಂದೇ ಕಾಲಿನಲ್ಲಿ ಎಂಟು ಸಲ. ಕೊನೆಗೆ ಮಂಡಿ ಹೆಚ್ಚು ಮಡಿಸದೆ ನಿಂತಲ್ಲೇ ಇಪ್ಪತ್ತು ಪುಟ್ಟ ಜಿಗಿತ. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯೊಟಿಕ್ ಮಾತ್ರೆಗಳು ಈ ಸ್ನಾಯುರಜ್ಜನ್ನು ದುರ್ಬಲಗೊಳಿಸಬಲ್ಲವು. ಇತ್ತೀಚೆಗೆ ಅವನ್ನು ನುಂಗಿದವರು ಜಿಗಿಯುವ ಮುನ್ನ ವೈದ್ಯರನ್ನು ಕೇಳುವುದು ಒಳಿತು.

ಉಳಿದ ಎರಡು ನಿಮಿಷ: ಶಟಲ್ ಇಲ್ಲದ ಆಟ

ಕೋರ್ಟಿನ ನಡುವೆ ನಿಂತಿದ್ದೀರೆಂದು ಎಣಿಸಿ, ಮುಂದಿನ ಎರಡು ಮೂಲೆ, ಎರಡು ಪಕ್ಕ, ಹಿಂದಿನ ಎರಡು ಮೂಲೆಗಳಿಗೆ ಹೆಜ್ಜೆ ಹಾಕಿ ಮರಳಿ ಬನ್ನಿ. ಮೊದಲ ಸುತ್ತು ಅರ್ಧ ವೇಗ, ಕೊನೆಯದು ಆಟದ ವೇಗ. ನೋಡುವವರು ನಕ್ಕರೆ ನಗಲಿ.

ಕೋರ್ಟಿಗೆ ಇಳಿದ ಮೇಲೆ ನೆಟ್ ಬಳಿಯ ಸಣ್ಣ ಹೊಡೆತಗಳಿಂದ ತೊಡಗಿ ಡ್ರೈವ್ (ನೆಟ್ ಮಟ್ಟದಲ್ಲೇ ನೇರವಾಗಿ ಸಾಗುವ ಹೊಡೆತ), ಕ್ಲಿಯರ್ (ಎದುರಾಳಿಯ ಕೋರ್ಟಿನ ಹಿಂಬದಿಗೆ ಎತ್ತರಕ್ಕೆ ಹೊಡೆಯುವುದು), ಡ್ರಾಪ್ ಎಂಬ ಕ್ರಮದಲ್ಲಿ ಸಾಗಿ. ಸ್ಮ್ಯಾಶ್ ಕೊನೆಗೆ. ಹೆಗಲಿನ ನೋವು ಇರುವವರಿಗೆ ಈ ಕ್ರಮ ತಪ್ಪಿಸುವ ಸ್ವಾತಂತ್ರ್ಯವಿಲ್ಲ.

ಇಷ್ಟೆಲ್ಲ ಬೇಕೇ ಎಂದು ಕೇಳುವವರು ಫುಟ್‌ಬಾಲ್ ಕಡೆ ನೋಡಬಹುದು. ಫಿಫಾ ರೂಪಿಸಿದ ‘ಇಲೆವೆನ್ ಪ್ಲಸ್’ ಎಂಬ ವಾರ್ಮ್ ಅಪ್‌ನಲ್ಲಿ ಸುಮಾರು 20 ನಿಮಿಷದ 15 ವ್ಯಾಯಾಮಗಳಿವೆ. ಓಟದ ಜೊತೆಗೆ ಕಾಲಿನ ಬಲ, ಸಮತೋಲನ, ಜಿಗಿದು ಸರಿಯಾಗಿ ನೆಲ ಮುಟ್ಟುವ ಅಭ್ಯಾಸವೂ ಅದರಲ್ಲಿದೆ. ನಾರ್ವೆಯಲ್ಲಿ 13ರಿಂದ 17 ವರ್ಷದ ಆಟಗಾರ್ತಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಮಾಡಿದ ತಂಡಗಳಲ್ಲಿ ಒಟ್ಟಾರೆ ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿದ್ದವು. ಮೈ ಬಿಸಿಯಾಗುವುದಷ್ಟೇ ಸಾಲದು, ಆಟ ಕೇಳುವ ಚಲನೆಗಳನ್ನೇ ಮುಂಚಿತವಾಗಿ ಮಾಡಿರಬೇಕು ಎಂಬುದಕ್ಕೆ ಇದು ಆಧಾರ. ಎದೆನೋವು, ತಲೆಸುತ್ತು ಬಂದರೆ ಯಾವ ಹಂತದಲ್ಲಿದ್ದರೂ ನಿಲ್ಲಿಸಿ ವೈದ್ಯರ ಬಳಿ ಹೋಗಿ.

ಇನ್ನು ಬೆಂಚಿನ ಸಮಸ್ಯೆ. ಒಂದು ಕೋರ್ಟಿಗೆ ಆರೇಳು ಜನ ಸೇರಿದರೆ ಸರದಿಗಾಗಿ ಕಾಯುವುದು ತಪ್ಪದು. ಏರಿಸಿಕೊಂಡ ಬಿಸಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ಬಹುಪಾಲು ಇಳಿದುಹೋಗುತ್ತದೆ. ಕುಳಿತಾಗ ಟೀ ಶರ್ಟ್ ಮೇಲೊಂದು ಜಾಕೆಟ್ ಹಾಕಿಕೊಳ್ಳಿ. ಮೊಬೈಲ್ ನೋಡುತ್ತಾ ಕೂರುವ ಬದಲು ಆಗಾಗ ಎದ್ದು ಓಡಾಡಿ. ಸರದಿ ಬರುವ ಎರಡು ನಿಮಿಷ ಮೊದಲು ಹಿಮ್ಮಡಿ ವ್ಯಾಯಾಮವನ್ನೂ ಪುಟ್ಟ ಜಿಗಿತಗಳನ್ನೂ ಇನ್ನೊಮ್ಮೆ ಮಾಡಿ, ಒಳಗೆ ಹೋದ ಮೇಲೆ ನಾಲ್ಕಾರು ಕ್ಲಿಯರ್ ಹೊಡೆದುಕೊಳ್ಳಿ. ‘ಸರ್ವ್ ಮಾಡಿ, ಸಮಯವಾಯಿತು’ ಎಂದು ಅವಸರಿಸುವ ಜೊತೆಗಾರರು ಒಂದು ನಿಮಿಷ ಕಾಯಲಿ.